25 ಅಡಿ ದೂರ

ಜನವರಿ ಬಂತೆಂದರೆ ಅಮ್ಮ ಫೋನಿನಲ್ಲಿ ಒಮ್ಮೆಯಾದರೂ ಕೇಳುತ್ತಾಳೆ, "ಆ ಮರಿ ಎಂತ ಆಯ್ತೋ ಏನೋ, ಅಲ್ದಾ?" ಯಾವ ಮರಿ ಅಂತ ನಾನು ಕೇಳುವುದಿಲ್ಲ. ಮೂರು ವರ್ಷ ಆಯ್ತು. ಅವಳು ಹೊನ್ನಾವರದ ಮನೆಯ ಜಗಲಿಯಲ್ಲಿ ಕೂತಿರುತ್ತಾಳೆ, ನಾನು ಅಮೆರಿಕದ ಸ್ಯಾನ್ ಹೋಸೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತೇನೆ. ಇಬ್ಬರ ಕಣ್ಣ ಮುಂದೆಯೂ ಒಂದೇ ಮರಳ ದಂಡೆ ಬರುತ್ತದೆ. ಅದರ ಮೇಲೆ ಕಪ್ಪಗೆ, ಸುಕ್ಕು ಸುಕ್ಕು ಚರ್ಮದ ಒಂದು ಸೀಲ್ ಮರಿ ತಲೆಯೆತ್ತಿ ಕೂಗುತ್ತಿರುತ್ತದೆ. ಅದಕ್ಕೆ ಏನಾಯಿತೆಂದು ನನಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಆದರೂ ಆ ಪ್ರಶ್ನೆ ಬಿಡುತ್ತಿಲ್ಲ. ಅಂದು ನಾವು ಅಲ್ಲಿ ನಿಂತು ನೋಡಿದೆವಲ್ಲ, ಏನೂ ಮಾಡದೆ ಬಂದೆವಲ್ಲ, ಅದು ಸರಿಯಾ?

ಅದನ್ನೇ ಇಲ್ಲಿ ಬರೆಯುತ್ತಾ ಯೋಚಿಸಬೇಕು ಅಂದುಕೊಂಡಿದ್ದೇನೆ.

ಅಮ್ಮನನ್ನು ಕಡಲಿಗೆ ಕರೆದುಕೊಂಡು ಹೋದದ್ದು

ಅಮ್ಮ ಬಂದದ್ದು ನನ್ನ ಬಾಣಂತನಕ್ಕೆ. ಅಂಗಡಿ ಬಿಟ್ಟು ಅಪ್ಪ ಬರುವ ಹಾಗಿರಲಿಲ್ಲ, ಒಬ್ಬಳೇ ಬಂದಿದ್ದಳು. ಅಕ್ಟೋಬರಿನಲ್ಲಿ ಮಗಳು ಹುಟ್ಟಿದಳು. ಅಲ್ಲಿಂದ ಜನವರಿಯವರೆಗೆ ಅಮ್ಮ ಮನೆಯಿಂದ ಹೊರಗೆ ಬಂದದ್ದೇ ಕಡಿಮೆ. ಎಣ್ಣೆ ಹಚ್ಚುವುದು, ಬಿಸಿನೀರು ಹೊಯ್ಯುವುದು, ಮಗುವನ್ನು ಕಾಲ ಮೇಲೆ ಮಲಗಿಸಿ ತಿಕ್ಕುವುದು, ನನಗೆ ಬೆಳ್ಳುಳ್ಳಿ ಸಾರು ಮಾಡುವುದು, ಇಷ್ಟರಲ್ಲೇ ಅವಳ ದಿನ ಮುಗಿಯುತ್ತಿತ್ತು. ಜನವರಿ ಕೊನೆಯ ಸೋಮವಾರ ನಾನು ಮತ್ತೆ ಕೆಲಸಕ್ಕೆ ಹೋಗಬೇಕಿತ್ತು. ಅದಕ್ಕಿಂತ ಮೊದಲು ಒಂದು ದಿನವಾದರೂ ಅವಳಿಗೆ ಕಡಲು ತೋರಿಸಬೇಕು ಅನ್ನಿಸಿತು. ಹೊನ್ನಾವರದ ಪಕ್ಕದ ಕಾಸರಕೋಡಿನ ದಂಡೆಯಲ್ಲಿ ಹುಟ್ಟಿ ಬೆಳೆದವಳು, ಮೂರು ತಿಂಗಳಿಂದ ಅಲೆಯ ಸದ್ದು ಕೇಳದೆ ಇದ್ದಳು.

ಆನ್ಯೊ ನ್ವೇವೊ ಸ್ಟೇಟ್ ಪಾರ್ಕಿಗೆ ಟಿಕೆಟ್ ವಾರಗಳ ಮೊದಲೇ ತೆಗೆದಿಟ್ಟಿದ್ದೆ. ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ ಅಲ್ಲಿ ಸುಮ್ನೆ ಹೋಗಿ ತಿರುಗಾಡುವ ಹಾಗಿಲ್ಲ. ಎಲಿಫೆಂಟ್ ಸೀಲ್‌ಗಳು ಮರಿ ಹಾಕುವ ಕಾಲ ಅದು, ಸೊಂಡಿಲಿನಂಥ ಮೂಗಿನ ದೊಡ್ಡ ಕಡಲ ಪ್ರಾಣಿಗಳು ಅವು. ಮಾರ್ಗದರ್ಶಕರ ಜೊತೆಯಲ್ಲೇ, ಸಣ್ಣ ಗುಂಪಿನಲ್ಲಿ ಹೋಗಬೇಕು. ಹೋಗಿ ಬರಲು ಸುಮಾರು ಐದು ಕಿಲೋಮೀಟರ್, ಎರಡೂವರೆ ಗಂಟೆ, ಹೆಚ್ಚಿನದು ಮರಳಿನಲ್ಲಿ ನಡಿಗೆ. ಅಮ್ಮನಿಗೆ ಆಗುತ್ತದಾ ಎಂದು ಯೋಚಿಸುತ್ತಿದ್ದೆ. "ಮರಳಲ್ಲಿ ನಡೆಯೋದು ನನಗೆ ಹೇಳಿಕೊಡ್ತೀಯಾ?" ಅಂದಳು.

ಬೆಟ್ಟ ದಾಟಿ ಸಾಂಟಾ ಕ್ರೂಜ್‌ಗೆ ಇಳಿದು, ಅಲ್ಲಿಂದ ಹೈವೇ 1 ಹಿಡಿದು ಉತ್ತರಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಒಂದು ಕಡೆ ಕಡಲು, ಒಂದು ಕಡೆ ಬೆಟ್ಟ, ನಡುವೆ ಬ್ರಸಲ್ಸ್ ಸ್ಪ್ರೌಟ್ಸ್ ಹೊಲಗಳು. ಕೋಸಿನ ಮರಿಗಳು ದಂಟಿನ ಉದ್ದಕ್ಕೂ ಅಂಟಿಕೊಂಡು ಬೆಳೆಯುವುದನ್ನು ನೋಡಲು ಅಮ್ಮ ಕಾರು ನಿಲ್ಲಿಸಲು ಹೇಳಿದಳು. ಕಡಲನ್ನು ಮಾತ್ರ ಅವಳು ತುಂಬಾ ಹೊತ್ತು ಮಾತಿಲ್ಲದೆ ನೋಡಿದಳು. ಆಮೇಲೆ ಹೇಳಿದಳು, "ಎಂತ ಕಡಲು ಇದು, ಒಂದು ತೆಂಗಿನಮರ ಇಲ್ಲ, ಒಂದು ದೋಣಿ ಇಲ್ಲ. ಯಾರದ್ದು ಇದು?" ಆ ಪ್ರಶ್ನೆಗೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಜೆ ಹೊತ್ತಿಗೆ ಸ್ವಲ್ಪ ಸಿಕ್ಕಿತ್ತು ಅನ್ನಿಸುತ್ತದೆ.

ಆನ್ಯೊ ನ್ವೇವೊ ಅಂದರೆ ಸ್ಪ್ಯಾನಿಷ್‌ನಲ್ಲಿ ಹೊಸ ವರ್ಷ. 1603ರ ಜನವರಿ 3ರಂದು ಸೆಬಾಸ್ಟಿಯನ್ ವಿಸ್ಕೈನೊ ಎಂಬವನ ಹಡಗು ಈ ಮೂಲೆಯ ಪಕ್ಕದಿಂದ ಹೋಗುವಾಗ ಇಟ್ಟ ಹೆಸರು. ಹಡಗಿನಲ್ಲಿದ್ದವರು ಇಲ್ಲಿ ಇಳಿಯಲೂ ಇಲ್ಲ, ದೂರದಿಂದಲೇ ಹೆಸರಿಟ್ಟು ಮುಂದೆ ಹೋದರು. ಅದಕ್ಕಿಂತ ಎಷ್ಟೋ ತಲೆಮಾರು ಮೊದಲಿಂದ ಕಿರೋಸ್ತೆ ಎಂಬ ಜನ ಇಲ್ಲೇ ಬದುಕಿದ್ದರು. ಅವರು ಈ ಜಾಗವನ್ನು ಏನೆಂದು ಕರೆಯುತ್ತಿದ್ದರೋ, ಆ ಹೆಸರು ಬೋರ್ಡಿನ ಮೇಲೆ ಇದ್ದಿದ್ದರೆ ನನಗೆ ಇನ್ನೂ ಇಷ್ಟವಾಗುತ್ತಿತ್ತು.

ಹಿಂದೆ ಇಲ್ಲಿ ಹಸು ಸಾಕಿ ಹಾಲಿನ ವ್ಯಾಪಾರ ಮಾಡುತ್ತಿದ್ದರಂತೆ. ಆ ಕಾಲದ ದೊಡ್ಡ ಕೊಟ್ಟಿಗೆಯನ್ನೇ ಈಗ ಬಂದವರಿಗೆ ವಿವರ ತೋರಿಸುವ ಕೇಂದ್ರ ಮಾಡಿದ್ದಾರೆ. ನನ್ನ ಗಂಡ ಮಗುವನ್ನು ಎದೆಗೆ ಕಟ್ಟಿಕೊಂಡು ಅಲ್ಲಿ ಉಳಿದರು. ಬಾಟಲಿಯಲ್ಲಿ ಹಾಲು ತೆಗೆದಿಟ್ಟಿದ್ದೆ. ಹುಟ್ಟಿದಾಗಿನಿಂದ ಅವಳನ್ನು ಅಷ್ಟು ಹೊತ್ತು ಬಿಟ್ಟು ಇದ್ದದ್ದು ಅದೇ ಮೊದಲು.

ಧಕ್ಕೆಯ ಸದ್ದು

ನಮ್ಮನ್ನು ಕರೆದುಕೊಂಡು ಹೋದವರು ಎಪ್ಪತ್ತರ ಹತ್ತಿರದ ಹೆಂಗಸು. ಸಂಬಳ ಇಲ್ಲದೆ ಈ ಕೆಲಸ ಮಾಡುವವರು. ಇಲ್ಲಿ ಇಂಥವರನ್ನು ಡೋಸೆಂಟ್ ಅನ್ನುತ್ತಾರೆ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರಂತೆ, ಮಾತಿನಲ್ಲೇ ಗೊತ್ತಾಗುತ್ತಿತ್ತು. ಹೊರಡುವ ಮೊದಲು ಒಂದೇ ನಿಯಮವನ್ನು ಮೂರು ಸಲ ಹೇಳಿದರು. ಯಾವ ಸೀಲ್‌ಗೂ 25 ಅಡಿಗಿಂತ ಹತ್ತಿರ ಹೋಗಬಾರದು. ದಾರಿಯಲ್ಲೇ ಸೀಲ್ ಮಲಗಿದ್ದರೆ ನಾವು ಸುತ್ತಿ ಹೋಗಬೇಕು. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. "ಅಂದ್ರೆ ನಮ್ಮ ಮನೆ ಅಂಗಳದಷ್ಟು" ಎಂದು ಅವಳು ಲೆಕ್ಕ ಹಾಕಿಕೊಂಡಳು.

ಗಾಳಿ ಅಂದರೆ ಗಾಳಿ. ಸೆರಗನ್ನು ಜಾಕೆಟ್ಟಿನೊಳಗೆ ಸಿಕ್ಕಿಸಿ, ತಲೆಗೆ ನನ್ನ ಉಣ್ಣೆ ಟೋಪಿ ಹಾಕಿಕೊಂಡು ಅಮ್ಮ ಎಲ್ಲರಿಗಿಂತ ಮುಂದೆ ನಡೆದಳು. ಮರಳದಿಬ್ಬ ಹತ್ತುವ ಮೊದಲೇ ಸದ್ದು ಬಂತು. ಟಪ್ ಟಪ್ ಟಪ್ ಎಂದು ದಪ್ಪಗೆ, ಬಿಟ್ಟು ಬಿಟ್ಟು, ಎದೆಗೇ ಬಡಿಯುವ ಹಾಗೆ. ಅಮ್ಮ ನಿಂತುಬಿಟ್ಟಳು. "ಇದು ಬೋಟಿನ ಮೋಟಾರು, ನಮ್ಮ ಧಕ್ಕೆಯಲ್ಲಿ ಬೆಳಗಿನ ಜಾವ ಸ್ಟಾರ್ಟ್ ಮಾಡ್ತಾರಲ್ಲ, ಹಾಗೇ." ಅದು ಗಂಡು ಸೀಲ್‌ನ ಕೂಗು. ಉದ್ದ ಮೂಗನ್ನು ಬಾಯೊಳಗೆ ಬಿಟ್ಟುಕೊಂಡು ಹೊರಡಿಸುವ ಸದ್ದು. ಒಂದೊಂದು ಗಂಡಿನ ಕೂಗಿಗೂ ಅದರದ್ದೇ ತಾಳ ಇರುತ್ತದಂತೆ, ಅದರಿಂದಲೇ ಒಂದನ್ನೊಂದು ಗುರುತಿಸುತ್ತವೆ. ಒಮ್ಮೆ ಹೊಡೆದಾಡಿ ಸೋತದ್ದು ಗೆದ್ದದ್ದರ ಸದ್ದು ಕೇಳಿದರೆ ಸಾಕು, ಹಿಂದೆ ಸರಿಯುತ್ತದೆ. ದಿನವೂ ರಕ್ತ ಸುರಿಸುವ ಅಗತ್ಯ ಇಲ್ಲ.

ದಿಬ್ಬದ ಮೇಲಿಂದ ನೋಡಿದರೆ ದಂಡೆಯ ತುಂಬ ಮಲಗಿದ್ದವು. ಮೊದಲು ನನಗೆ ಅವು ಬಂಡೆಗಳ ಹಾಗೆ ಕಂಡವು. ಆಮೇಲೆ ಒಂದು ಬಂಡೆ ಮುಂಗೈಯಿಂದ ಮರಳು ಬಾಚಿ ಬೆನ್ನ ಮೇಲೆ ಎರಚಿಕೊಂಡಿತು. ಅದರ ಪಕ್ಕದ್ದು ಎರಚಿಕೊಂಡಿತು. ಬಿಸಿಲಿಗೆ ಮೈ ತಂಪು ಮಾಡಿಕೊಳ್ಳುವುದು ಹಾಗೆ. ನಮಗೆ ಜಾಕೆಟ್ಟಿನಲ್ಲೂ ಚಳಿ, ಅವುಗಳಿಗೆ ಸೆಕೆ. ಗಂಡುಗಳು 14ರಿಂದ 16 ಅಡಿ ಉದ್ದ, ಎರಡು ಟನ್ನಿಗೂ ಹೆಚ್ಚು ತೂಕ. ಕುತ್ತಿಗೆಯ ಚರ್ಮ ಗಾಯ ಮಾಯ್ದು ಮಾಯ್ದು ಹಳೇ ಟೈರಿನ ಹಾಗೆ ದಪ್ಪವಾಗಿರುತ್ತದೆ. ಹೆಣ್ಣುಗಳು ಅದರ ಕಾಲು ಭಾಗದಷ್ಟು. ವಾಸನೆ ಜೋರಾಗಿತ್ತು. ಗುಂಪಿನ ಕೆಲವರು ಮೂಗು ಮುಚ್ಚಿಕೊಂಡರು. ಅಮ್ಮ ಉದ್ದಕ್ಕೆ ಉಸಿರೆಳೆದುಕೊಂಡಳು. ಒಣಮೀನು ಹರವಿದ ದಂಡೆಯಲ್ಲಿ ಬೆಳೆದವಳಿಗೆ ಅದು ಊರಿನ ಗಾಳಿ.

ಕನ್ನಡದಲ್ಲಿ ಇವಕ್ಕೆ ಏನನ್ನಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನಮ್ಮ ಕಡಲಲ್ಲಿ ಸೀಲ್‌ಗಳೇ ಇಲ್ಲ, ಅದಕ್ಕೆ ಬಾಯಲ್ಲಿ ಓಡಾಡುವ ಹೆಸರೂ ಇಲ್ಲ. ಅಮ್ಮ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಗಂಡುಗಳನ್ನು "ಆನೆ" ಅಂದಳು, ಹೆಣ್ಣುಗಳನ್ನು "ಬಾಣಂತಿಯರು" ಅಂದಳು. ಮನೆಗೆ ಬರುವವರೆಗೂ ಅದೇ ಹೆಸರು.

ಬಾಣಂತಿಯರ ವಿಷಯ ಕೇಳಿ ನಾನು ಸುಮ್ಮನಾಗಿದ್ದೆ. ಹೆಣ್ಣು ಸೀಲ್ ದಂಡೆಗೆ ಬಂದ ಕೆಲವೇ ದಿನಕ್ಕೆ ಒಂದು ಮರಿ ಹಾಕುತ್ತದೆ. ಹುಟ್ಟುವಾಗ ಮರಿ ಮೂವತ್ತು ಮೂವತ್ತೈದು ಕಿಲೋ. ನಾಲ್ಕು ವಾರ, ಹೆಚ್ಚು ಕಡಿಮೆ 28 ದಿನ, ತಾಯಿ ಹಾಲು ಕೊಡುತ್ತದೆ. ಆ ಹಾಲಿನಲ್ಲಿ ಕೊನೆ ಕೊನೆಗೆ ಅರ್ಧಕ್ಕಿಂತ ಹೆಚ್ಚು ಬರೀ ಕೊಬ್ಬು. ಅಷ್ಟು ದಿನವೂ ತಾಯಿ ಒಂದು ಮೀನು ತಿನ್ನುವುದಿಲ್ಲ, ಒಂದು ಹನಿ ನೀರು ಕುಡಿಯುವುದಿಲ್ಲ. ಮರಿ ನೂರಿಪ್ಪತ್ತು, ನೂರೈವತ್ತು ಕಿಲೋ ಆಗುವ ಹೊತ್ತಿಗೆ ತಾಯಿಯ ಮೈಯಲ್ಲಿ ಮೂರನೇ ಒಂದು ಭಾಗ ಕರಗಿರುತ್ತದೆ. ಆಮೇಲೆ ಒಂದು ದಿನ ಮರಿಯನ್ನು ದಂಡೆಯಲ್ಲೇ ಬಿಟ್ಟು ಕಡಲಿಗಿಳಿದು ಹೋಗಿಬಿಡುತ್ತದೆ. ಮತ್ತೆ ಬಂದು ನೋಡುವುದಿಲ್ಲ. ಈಜು, ಮುಳುಗು, ಮೀನು ಹಿಡಿಯುವುದು ಎಲ್ಲವನ್ನೂ ಮರಿ ತಾನೇ ಕಲಿಯಬೇಕು.

"28 ದಿನಾನಾ?" ಅಮ್ಮ ಕೇಳಿದಳು. ಹೌದು ಅಂದೆ. ಅವಳು ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಸೋಮವಾರಕ್ಕೆ ಆಗ ನಾಲ್ಕು ದಿನ ಇತ್ತು.

ಆ ಮರಿ

ಎರಡನೇ ದಿಬ್ಬದ ಹತ್ತಿರ ಮಾರ್ಗದರ್ಶಕಿ ಕೈ ಎತ್ತಿ ನಮ್ಮನ್ನು ನಿಲ್ಲಿಸಿದರು. ಕೆಳಗೆ ಇಪ್ಪತ್ತು ಮೂವತ್ತು ಹೆಣ್ಣುಗಳ ಗುಂಪು, ಹೆಚ್ಚಿನವುಗಳ ಪಕ್ಕದಲ್ಲಿ ಒಂದೊಂದು ಕಪ್ಪು ಮರಿ. ಗುಂಪಿನ ಅಂಚಿಗೆ ಒಂದು ದೊಡ್ಡ ಗಂಡು. ಆ ಗುಂಪಿನಿಂದ ಒಂದಿಷ್ಟು ದೂರದಲ್ಲಿ, ನಮಗೂ ಅವಕ್ಕೂ ನಡುವೆ, ಒಂದು ಮರಿ ಒಂಟಿಯಾಗಿತ್ತು. ಹುಟ್ಟಿ ವಾರ ಆಗಿರಬಹುದು ಅಂದರು ಅವರು. ಹೊಟ್ಟೆ ಒಳಗೆ ಹೋಗಿತ್ತು. ಅದರ ಮೈಗೆ ಚರ್ಮ ದೊಡ್ಡದಾಗಿತ್ತು, ಅಣ್ಣನ ಅಂಗಿ ಹಾಕಿದ ಮಗುವಿನ ಹಾಗೆ. ಕಣ್ಣಿಂದ ನೀರಿಳಿದು ಕೆನ್ನೆಯ ಮರಳು ಒದ್ದೆಯಾಗಿತ್ತು. ಕಣ್ಣಿಗೆ ಮರಳು ಹೋಗದಿರಲಿ ಎಂದು ಎಲ್ಲ ಸೀಲ್‌ಗಳಿಗೂ ನೀರು ಬರುತ್ತದೆ, ಅದು ಅಳು ಅಲ್ಲ ಎಂದು ಯಾರಿಗೋ ವಿವರಿಸುತ್ತಿದ್ದರು. ಸದ್ದು ಮಾತ್ರ ಅಳುವೇ ಆಗಿತ್ತು. ಬಾಯಿ ಪೂರ್ತಿ ತೆರೆದು, ಗುಲಾಬಿ ಬಣ್ಣದ ನಾಲಿಗೆ ಕಾಣುವ ಹಾಗೆ, ಕೊನೆಯಲ್ಲಿ ಸ್ವರ ಒಡೆಯುವ ಹಾಗೆ ಕೂಗುತ್ತಿತ್ತು. ನಿಲ್ಲಿಸಿ, ತಲೆ ಆ ಕಡೆ ಈ ಕಡೆ ತಿರುಗಿಸಿ, ಕೇಳಿಸಿಕೊಳ್ಳುತ್ತಿತ್ತು. ಮತ್ತೆ ಕೂಗುತ್ತಿತ್ತು.

ತೆವಳುತ್ತಾ ಅದು ಗುಂಪಿನ ಹತ್ತಿರ ಹೋಯಿತು. ಒಂದು ಹೆಣ್ಣಿನ ಹೊಟ್ಟೆಯ ಹತ್ತಿರ ಮೂತಿ ತಂದಿತು. ಅದು ಮೂಸಿ ನೋಡಿತು, ತನ್ನದಲ್ಲ ಎಂದು ಗೊತ್ತಾದ ಕೂಡಲೇ ಬಾಯಿ ಹಾಕಿ ಕಚ್ಚಿತು. ಮರಿ ಹಿಂದೆ ಬಂತು. ಇನ್ನೊಂದರ ಹತ್ತಿರ ಹೋಯಿತು. ಅದೂ ಕಚ್ಚಿತು. ಮೂರನೆಯದು ನಿದ್ದೆಯಲ್ಲಿತ್ತು, ಅಲ್ಲಿ ಒಂದು ಗಳಿಗೆ ಬಾಯಿ ಇಟ್ಟಿತು. ಅಷ್ಟರಲ್ಲಿ ಅದಕ್ಕೂ ಎಚ್ಚರವಾಯಿತು.

ಇದನ್ನು ಹೇಗೆ ಹೇಳುವುದೋ ಗೊತ್ತಿಲ್ಲ, ಆದರೆ ಹೇಳದೆ ಬಿಟ್ಟರೆ ಆ ದಿನದ ವಿಷಯ ಪೂರ್ತಿ ಆಗುವುದಿಲ್ಲ. ಆ ಕೂಗು ಕೇಳುತ್ತಿದ್ದ ಹಾಗೆ ನನ್ನ ಎದೆ ಬಿಗಿದು ಹಾಲು ಇಳಿಯಿತು. ಒಳಗಿನ ಬಟ್ಟೆ ತೊಯ್ದು, ಶರ್ಟ್ ತೊಯ್ದು, ಜಾಕೆಟ್ಟಿನೊಳಗೆ ಬೆಚ್ಚಗೆ ಹರಿಯಿತು. ಮೈಗೆ ಅದು ಯಾರ ಮರಿ ಎಂಬುದು ಗೊತ್ತೇ ಆಗಲಿಲ್ಲ. ನನ್ನ ಮಗು ಅಲ್ಲಿ ಕೊಟ್ಟಿಗೆಯಲ್ಲಿ ಬಹುಶಃ ಹಾಯಾಗಿ ನಿದ್ದೆ ಮಾಡುತ್ತಿತ್ತು. ಅಮ್ಮನ ತೋಳು ಹಿಡಿದುಕೊಂಡೆ. ಅವಳಿಗೆ ತಿಳಿಯಿತು. ನನ್ನ ಜಾಕೆಟ್ಟಿನ ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದು ಸರಿಮಾಡಿದಳು. ಆಮೇಲೆ ಮಾರ್ಗದರ್ಶಕಿಯ ಕಡೆ ತಿರುಗಿ, ಕನ್ನಡದಲ್ಲೇ, ಸ್ವಲ್ಪ ಜೋರಾಗಿಯೇ ಕೇಳಿದಳು, "ಯಾರಾದ್ರೂ ಎತ್ತಿ ಅದರ ತಾಯಿ ಹತ್ರ ಬಿಡಬಾರ್ದಾ?"

ನಾನು ಹೇಳುವ ಮೊದಲೇ ಅವರಿಗೆ ಪ್ರಶ್ನೆ ಅರ್ಥವಾಗಿತ್ತು. ದಿನಾ ಯಾರಾದರೊಬ್ಬರು ಇದನ್ನೇ ಕೇಳುತ್ತಾರಂತೆ. ಅವರು ಸಮಾಧಾನದಿಂದ ಹೇಳಿದರು. ಯಾವುದು ಅದರ ತಾಯಿ ಎಂದು ನಮಗೆ ಗೊತ್ತಾಗುವುದಿಲ್ಲ, ಕೂಗು ಮತ್ತು ವಾಸನೆಯಿಂದ ಅವುಗಳಿಗೆ ಮಾತ್ರ ಗೊತ್ತು. ನಾವು ಒಳಗೆ ನುಗ್ಗಿದರೆ ಇಡೀ ಗುಂಪು ಬೆದರುತ್ತದೆ. ಗಂಡು ಏಳುತ್ತದೆ, ಎರಡು ಟನ್ ತೂಕ ಮರಿಗಳ ಮೇಲೆ ಹಾಯುತ್ತದೆ. ಒಂದನ್ನು ಸೇರಿಸಲು ಹೋಗಿ ನಾಲ್ಕು ಮರಿ ತಾಯಿಂದ ಬೇರೆಯಾಗುತ್ತವೆ. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು: "ನನಗೂ ಹತ್ತು ವರ್ಷದಿಂದ ರೂಢಿಯಾಗಿಲ್ಲ."

ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ತಲೆಯಾಡಿಸಿದಳು. ಒಪ್ಪಿದ್ದಕ್ಕಾ, ಒಪ್ಪದ್ದಕ್ಕಾ ಗೊತ್ತಾಗಲಿಲ್ಲ. ಹತ್ತು ನಿಮಿಷ ನಿಂತಿದ್ದೆವು. ಗುಂಪು ಮುಂದೆ ಹೊರಟಿತು. ಹಿಂದೆ ತಿರುಗಿ ನೋಡಿದಾಗ ಮರಿ ಮತ್ತೆ ಗುಂಪಿನ ಕಡೆ ತೆವಳುತ್ತಿತ್ತು. ದಿಬ್ಬ ಅಡ್ಡ ಬಂತು. ಕೂಗು ಮಾತ್ರ ಇನ್ನೂ ಸ್ವಲ್ಪ ದೂರ ಜೊತೆಗೆ ಬಂತು.

ಮುಟ್ಟದೆ ಬಿಟ್ಟದ್ದರಿಂದ

ನಾವು ಬೆಳೆದ ಮನೆಗಳಲ್ಲಿ ಪ್ರಾಣಿ ಕಂಡರೆ ಏನಾದರೂ ಮಾಡದೆ ಇರುವುದಿಲ್ಲ. ಕಾಗೆಗೆ ಒಂದು ತುತ್ತು ಅನ್ನ ಇಟ್ಟೇ ಊಟ. ಬೀದಿಯ ದನ ಗೇಟಿನ ಹತ್ತಿರ ನಿಂತರೆ ಬಾಳೆಹಣ್ಣಿನ ಸಿಪ್ಪೆ. ಹಿತ್ತಲಲ್ಲಿ ಬೆಕ್ಕು ಮರಿ ಹಾಕಿದರೆ ಗೆರಟೆಯಲ್ಲಿ ಹಾಲು. ಅದು ಒಳ್ಳೆಯ ಮನಸ್ಸೇ, ನಾನು ಅದನ್ನು ಬಿಡಲಾರೆ. ಆದರೆ ಅದೇ ಮನಸ್ಸಿನಿಂದ ಗೇರುಸೊಪ್ಪೆ ಘಾಟಿಯಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಿಸ್ಕೆಟ್ ಎಸೆಯುತ್ತಿದ್ದೆವು. ಚಿಕ್ಕಂದಿನಲ್ಲಿ ನಾನೇ ಎಷ್ಟು ಸಲ ಎಸೆದಿದ್ದೇನೆ. ಒಮ್ಮೆ ವಾಪಸ್ ಬರುವಾಗ ಅದೇ ತಿರುವಿನಲ್ಲಿ ಒಂದು ತಾಯಿ ಮಂಗ ರಸ್ತೆಯಲ್ಲಿ ಸತ್ತ ಮರಿಯನ್ನು ಎತ್ತಿಕೊಂಡು ಕೂತಿತ್ತು. ಲಾರಿ ಹೊಡೆದಿತ್ತು. ರಸ್ತೆಗೆ ಇಳಿಯುವುದನ್ನು ಅವಕ್ಕೆ ಕಲಿಸಿದವರು ನಾವು. ಅಪ್ಪ ಆ ದಿನದಿಂದ ಘಾಟಿಯಲ್ಲಿ ಕಾರು ನಿಲ್ಲಿಸುವುದನ್ನೇ ಬಿಟ್ಟರು.

ಎಲಿಫೆಂಟ್ ಸೀಲ್‌ಗಳ ಕತೆ ಇದಕ್ಕಿಂತ ದೊಡ್ಡದು. 19ನೇ ಶತಮಾನದಲ್ಲಿ ಜನ ಇವುಗಳನ್ನು ಕೊಂದು ಕೊಬ್ಬು ಕರಗಿಸಿ ಎಣ್ಣೆ ಮಾಡಿದರು. ದೀಪಕ್ಕೆ, ಯಂತ್ರಕ್ಕೆ. ದಂಡೆಯಲ್ಲಿ ಮಲಗಿರುವ, ಓಡಲಾರದ ಪ್ರಾಣಿ, ಕೊಲ್ಲುವುದು ಕಷ್ಟವಾಗಲಿಲ್ಲ. ಇನ್ನು ಉಳಿದಿಲ್ಲ ಎಂದುಕೊಂಡಿದ್ದಾಗ 1892ರಲ್ಲಿ ಮೆಕ್ಸಿಕೋದ ಗ್ವಾಡಲೂಪೆ ದ್ವೀಪದಲ್ಲಿ ಬೆರಳೆಣಿಕೆಯಷ್ಟು ಕಂಡವು. ಕಂಡವರು ಮ್ಯೂಸಿಯಂ ಕಡೆಯವರು. ಕಂಡದ್ದರಲ್ಲಿ ಏಳನ್ನು ಮ್ಯೂಸಿಯಂಗಾಗಿ ಕೊಂದರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ತೊಳಸುತ್ತದೆ. ಕೊನೆಯವು ಎಂದು ಗೊತ್ತಿದ್ದೂ ಕೊಂದರಲ್ಲ. ಅವರ ಕಣ್ಣಿಗೆ ಬೀಳದೆ ಕಡಲಲ್ಲಿ ಉಳಿದವು, ನೂರಕ್ಕೂ ಕಡಿಮೆ ಅನ್ನುತ್ತಾರೆ, ಅಷ್ಟೇ ಇಡೀ ಜಗತ್ತಿನಲ್ಲಿ. 1922ರಲ್ಲಿ ಮೆಕ್ಸಿಕೋ ಸರ್ಕಾರ ಆ ದ್ವೀಪಕ್ಕೆ ರಕ್ಷಣೆ ಕೊಟ್ಟಿತು. ಸ್ವಲ್ಪ ಸಮಯದಲ್ಲಿ ಅಮೆರಿಕವೂ ಕೊಲ್ಲುವುದನ್ನು ನಿಲ್ಲಿಸಿತು.

ಯಾರೂ ಸಾಕಲಿಲ್ಲ, ಮೀನು ಹಾಕಲಿಲ್ಲ, ಮರಿಗಳನ್ನು ಹಿಡಿದು ಬೇರೆ ದಂಡೆಗೆ ಬಿಡಲಿಲ್ಲ. ಕೊಲ್ಲುವುದನ್ನು ಬಿಟ್ಟರು, ದಂಡೆಯನ್ನು ಅವಕ್ಕೆ ಬಿಟ್ಟರು. ಅವು ತಾವಾಗಿಯೇ ಹೆಚ್ಚಾಗುತ್ತಾ ಉತ್ತರಕ್ಕೆ ಬಂದವು. ಆನ್ಯೊ ನ್ವೇವೊದ ಎದುರಿಗೆ ಕಣ್ಣಳತೆಯಲ್ಲಿರುವ ಪುಟ್ಟ ದ್ವೀಪದಲ್ಲಿ 1955ರಲ್ಲಿ ಮೊದಲ ಸೀಲ್ ಕಂಡಿತು. 1961ರಲ್ಲಿ ಆ ದ್ವೀಪದಲ್ಲಿ ಮೊದಲ ಮರಿಗಳು ಹುಟ್ಟಿದವು. 1975ರಲ್ಲಿ ನಾವು ನಿಂತಿದ್ದ ಈ ದಂಡೆಯಲ್ಲಿ ಮೊದಲ ಮರಿ. 1975 ಅಂದರೆ ನನ್ನ ಅಮ್ಮ ಆರನೇ ಕ್ಲಾಸಿನಲ್ಲಿದ್ದ ವರ್ಷ. ಈಗ ಇವುಗಳ ಒಟ್ಟು ಸಂಖ್ಯೆ ಒಂದೂವರೆ ಲಕ್ಷ ದಾಟಿದೆ. ಎಲ್ಲವೂ ಆ ನೂರರೊಳಗಿನ ಸಂತಾನ. ನನ್ನ ಎದುರು ಕೂಗುತ್ತಿದ್ದ ಮರಿಯೂ.

ಆ ದ್ವೀಪದ ಮೇಲೆ ಒಂದು ಪಾಳು ಮನೆ ಕಾಣುತ್ತದೆ. 1872ರಿಂದ ಅಲ್ಲಿ ಹಡಗುಗಳಿಗೆ ಮಂಜಿನಲ್ಲಿ ಎಚ್ಚರಿಕೆ ಕೊಡುವ ಠಾಣೆ ಇತ್ತು, ಕಾವಲಿನವರ ಮನೆ ಇತ್ತು. 1948ರಲ್ಲಿ ಅದನ್ನು ಬಿಟ್ಟು ಹೋದರು. ಈಗ ಆ ಮನೆಯೊಳಗೆ ಸೀಲ್‌ಗಳ ಹತ್ತಿರದ ಸಂಬಂಧಿಗಳಾದ ಸೀ ಲಯನ್‌ಗಳು ಓಡಾಡುತ್ತವೆ. ದುರ್ಬೀನಿನಲ್ಲಿ ನೋಡಿ ಅಮ್ಮ ಅಂದಳು, "ಇದು ಅವರದ್ದೇ ಕಡಲು ಹಾಗಾದ್ರೆ." ಬೆಳಗ್ಗೆ ತಾನೇ ಕೇಳಿದ ಪ್ರಶ್ನೆಗೆ ಅವಳೇ ಕೊಟ್ಟುಕೊಂಡ ಉತ್ತರ ಅದು.

ಇಷ್ಟೆಲ್ಲ ಗೊತ್ತಾದ ಮೇಲೂ ನನ್ನ ಮನಸ್ಸು ಪೂರ್ತಿ ಸುಮ್ಮನಾಗಲಿಲ್ಲ ಎಂದು ಹೇಳಿಬಿಡಬೇಕು. ಯಾಕೆಂದರೆ ಎಲ್ಲ ಕಡೆಯೂ ಮುಟ್ಟದೆ ಇರುವುದಿಲ್ಲ. ಇದೇ ಕರಾವಳಿಯಲ್ಲಿ ಸಾಸಲಿಟೊ ಊರಿನಲ್ಲಿ ಮೆರೀನ್ ಮ್ಯಾಮಲ್ ಸೆಂಟರ್ ಅಂತ ಇದೆ, 1975ರಿಂದ ಇರುವ ಸಂಸ್ಥೆ. ಕಡಲಂಚಿನ ಊರುಗಳ ದಂಡೆಯಲ್ಲಿ ಬಡಕಲಾಗಿ ಬಿದ್ದ ಸೀಲ್ ಮರಿಗಳನ್ನು ಎತ್ತಿಕೊಂಡು ಹೋಗಿ, ಟ್ಯೂಬಿನಲ್ಲಿ ಆಹಾರ ಕೊಟ್ಟು, ಮೀನು ತಿನ್ನಲು ಕಲಿಸಿ, ಮತ್ತೆ ಕಡಲಿಗೆ ಬಿಡುತ್ತಾರೆ. ಅಲ್ಲಿಗೆ ಬರುವ ರೋಗಿಗಳಲ್ಲಿ ಎಲಿಫೆಂಟ್ ಸೀಲ್ ಮರಿಗಳೂ ಬಹಳ. ಅಂದರೆ ಅದೇ ಮರಿ ನಾಲ್ಕು ವಾರ ದೊಡ್ಡದಾಗಿದ್ದು, ಯಾವುದೋ ಊರಿನ ಬೀಚಿನಲ್ಲಿ ಒಂಟಿಯಾಗಿ ಸಿಕ್ಕಿದ್ದರೆ, ಯಾರೋ ಫೋನ್ ಮಾಡುತ್ತಿದ್ದರು, ಯಾರೋ ಬರುತ್ತಿದ್ದರು. ಇಲ್ಲಿ ಸಾವಿರಾರು ಸೀಲ್‌ಗಳ ನಡುವೆ ಇದ್ದದ್ದರಿಂದ ಯಾರೂ ಬರಲಿಲ್ಲ. ಕಾರಣ ನನಗೆ ಅರ್ಥವಾಗುತ್ತದೆ. ಅರ್ಧದಷ್ಟು ಮರಿಗಳು ಹೇಗಿದ್ದರೂ ಮೊದಲ ವರ್ಷ ದಾಟುವುದಿಲ್ಲ ಎಂದೂ ಗೊತ್ತು. ಆದರೆ ಲೆಕ್ಕ ಗೊತ್ತಿರುವುದು ಬೇರೆ, ಕಿವಿಯಲ್ಲಿ ಕೂಗು ಇರುವುದು ಬೇರೆ. ಎರಡೂ ಒಟ್ಟಿಗೆ ಇರುತ್ತವೆ. ಅವುಗಳನ್ನು ಹೊಂದಿಸಿಬಿಡುವ ಆಸೆಯನ್ನು ನಾನು ಬಿಟ್ಟಿದ್ದೇನೆ.

ಇನ್ನೊಂದು ವಿಷಯ ಆಮೇಲೆ ಗಮನಕ್ಕೆ ಬಂತು. ಹತ್ತಿರ ಹೋಗದೆ ಇರುವುದು ಅಂದರೆ ಸುಮ್ಮನೆ ಮನೆಯಲ್ಲಿ ಕೂರುವುದಲ್ಲ. ಅದಕ್ಕೆ ತುಂಬಾ ಕೆಲಸ ಇದೆ. ಸೀಲ್‌ಗಳು ರಾತ್ರಿಯೆಲ್ಲಾ ಜಾಗ ಬದಲಾಯಿಸುತ್ತವೆ, ಆದ್ದರಿಂದ ನಾವು ನಡೆಯುವ ದಾರಿಯೂ ಬದಲಾಗುತ್ತಿರಬೇಕು. ಯಾರಾದರೂ ಹೋಗಿ ನೋಡಬೇಕು, ದಾರಿ ಗುರುತು ಮಾಡಬೇಕು. ಬಂದವರನ್ನು ತಡೆದು ನಿಲ್ಲಿಸಬೇಕು, ಫೋನ್ ಹಿಡಿದು ಮುಂದೆ ಮುಂದೆ ಹೋಗುವವರನ್ನು ಹಿಂದೆ ಕರೆಯಬೇಕು, ಮರಿ ಕೂಗುವಾಗ ಅಳುವ ಹೆಂಗಸರಿಗೆ ಅದೇ ಉತ್ತರವನ್ನು ಮತ್ತೆ ಹೇಳಬೇಕು. ಸಂಬಳ ಇಲ್ಲದೆ, ಆ ಗಾಳಿಯಲ್ಲಿ, ಎಪ್ಪತ್ತನೇ ವಯಸ್ಸಿನಲ್ಲಿ. ಆ ಮಾರ್ಗದರ್ಶಕಿಯ ಮುಖ ನನಗೆ ಈಗಲೂ ನೆನಪಿದೆ. ಮರಿಯನ್ನು ನೋಡಬಾರದು ಎಂದು ಅವರು ಬೇರೆ ಕಡೆ ತಿರುಗಲಿಲ್ಲ. ನಾವು ನಿಂತಷ್ಟು ಹೊತ್ತೂ ನೋಡುತ್ತಲೇ ಇದ್ದರು.

ಕಾಸರಕೋಡಿನಿಂದ ಫೋನು

ಮಾರ್ಚ್ ಕೊನೆಗೆ ಅಮ್ಮ ಊರಿಗೆ ಹೋದಳು. ಹೋದ ವಾರವೇ ಫೋನ್ ಮಾಡಿ ಒಂದು ಸುದ್ದಿ ಹೇಳಿದಳು. ಕಾಸರಕೋಡು ಟೊಂಕದ ದಂಡೆಗೆ ಪ್ರತಿ ವರ್ಷ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಅವಳು ಸಣ್ಣವಳಿದ್ದಾಗ ಆ ಮೊಟ್ಟೆ ಅಗೆದು ತಿನ್ನುತ್ತಿದ್ದರು, ಮಾರುತ್ತಿದ್ದರು, ಅದರಲ್ಲಿ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ. ಈಗ ಮೀನುಗಾರರೇ ಗೂಡು ಕಂಡರೆ ಅರಣ್ಯ ಇಲಾಖೆಗೆ ಹೇಳುತ್ತಾರೆ, ಸುತ್ತ ಬಲೆ ಕಟ್ಟುತ್ತಾರೆ, ನಾಯಿ ಬಾರದ ಹಾಗೆ ಕಾಯುತ್ತಾರೆ. ಆ ದಿನ ಒಂದು ಗೂಡಿನಿಂದ ಮರಿಗಳು ಹೊರಬಂದಿದ್ದವು. ಇವಳು ಓಡಿ ಹೋಗಿದ್ದಾಳೆ.

"ಅಂಗೈಯಷ್ಟೂ ಇಲ್ಲ ಮಾರಾಯ್ತಿ. ಒಂದು ಮರಿ ಕಾಲು ಮೇಲೆ ಮಾಡಿ ಬಿದ್ದಿತ್ತು. ನಾನು ಬಗ್ಗಿದೆ, ಆ ಕಾಯೋ ಹುಡುಗ ಬೇಡ ಅಮ್ಮ ಅಂದ. ಅದೇ ಏಳ್ತದೆ, ನೋಡಿ ಅಂದ. ನನಗೆ ನಿಮ್ಮ ಆ ಟೀಚರ್ ಅಮ್ಮನ ನೆನಪಾಯ್ತು."

"ಎದ್ದಿತಾ?"

"ಏಳ್ತು. ತುಂಬಾ ಹೊತ್ತು ಹಿಡೀತು. ನನ್ನ ಕಾಲೇ ಜೋಮು ಹಿಡೀತು ನಿಂತು ನಿಂತು."

ಏಪ್ರಿಲ್

ಏಪ್ರಿಲಿನಲ್ಲಿ ನಾನು ಮತ್ತೆ ಹೋದೆ. ಈ ಸಲ ಮಗಳನ್ನು ಎದೆಗೆ ಕಟ್ಟಿಕೊಂಡು. ಆ ಹೊತ್ತಿಗೆ ಕೆಲಸಕ್ಕೆ ಹೋಗಿ ಬರುವುದು ಇಬ್ಬರಿಗೂ ಒಂದು ಮಟ್ಟಿಗೆ ರೂಢಿಯಾಗಿತ್ತು. ಬೆಳಗ್ಗೆ ಬಿಟ್ಟು ಹೋಗುವಾಗ ಅವಳು ಅಳುವುದನ್ನು ಬಿಟ್ಟಿದ್ದಳು, ಅದು ನನಗೆ ಸಮಾಧಾನವೂ ಆಗಿತ್ತು, ಎಲ್ಲೋ ಒಂದು ಕಡೆ ನೋವೂ ಆಗಿತ್ತು. ಮಾರ್ಚ್ ಮುಗಿದ ಮೇಲೆ ಮಾರ್ಗದರ್ಶಕರಿಲ್ಲದೆ, ಪರವಾನಗಿ ಚೀಟಿ ತೆಗೆದುಕೊಂಡು ನಾವೇ ನಡೆದು ಹೋಗಬಹುದು. ದೊಡ್ಡ ಗಂಡುಗಳು ಇರಲಿಲ್ಲ, ಧಕ್ಕೆಯ ಸದ್ದೂ ಇರಲಿಲ್ಲ. ಬಾಣಂತಿಯರು ಯಾವಾಗಲೋ ಹೋಗಿದ್ದರು. ಅವು ಕಡಲಲ್ಲಿ ತಿಂಗಳುಗಟ್ಟಲೆ ಇರುವಾಗ ದಿನಕ್ಕೆ ಎರಡು ಗಂಟೆಯಷ್ಟೇ ಮಲಗುತ್ತವೆ, ಅದೂ ಆಳಕ್ಕೆ ಮುಳುಗುತ್ತಾ, ಹತ್ತು ಹತ್ತು ನಿಮಿಷದ ತುಂಡು ನಿದ್ದೆ. 2023ರಲ್ಲಿ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದವರು ತಲೆಗೆ ಟೋಪಿಯ ಹಾಗೆ ಉಪಕರಣ ಕೂರಿಸಿ ಮಿದುಳಿನ ಅಲೆ ಅಳೆದು ಕಂಡುಕೊಂಡದ್ದು. ಹಾಗಾದರೆ ದಂಡೆಯಲ್ಲಿ ಮರಿಯ ಪಕ್ಕ ಮಲಗಿದ ಆ ನಾಲ್ಕು ವಾರ ಅವುಗಳಿಗೆ ವರ್ಷದಲ್ಲಿ ಸಿಗುವ ದೊಡ್ಡ ನಿದ್ದೆಯೂ ಆಗಿತ್ತು ಅಲ್ವಾ ಎಂದು ನನಗೆ ಅನ್ನಿಸಿತು.

ದಂಡೆಯಲ್ಲಿ ಉಳಿದಿದ್ದದ್ದು ಹೆಚ್ಚಾಗಿ ಹಾಲು ಬಿಟ್ಟ ಮರಿಗಳು. ಇಲ್ಲಿನವರು ವೀನರ್ ಅನ್ನುತ್ತಾರೆ. ಕಪ್ಪು ಕೂದಲು ಉದುರಿ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಎಲ್ಲವೂ ಗುಂಡಗೆ, ಎಲ್ಲವೂ ಒಂದೇ ಥರ. ನಾನು ಹುಡುಕಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಂದೊಂದರ ಮುಖವನ್ನೂ ನೋಡುತ್ತಾ ಹೋದೆ, ಗುರುತು ಏನಿದೆ ಎಂದೂ ಗೊತ್ತಿಲ್ಲದೆ. ಎರಡು ಮೂರು ಮರಿಗಳು ದಂಡೆಯ ತಗ್ಗಿನಲ್ಲಿ ನಿಂತ ನೀರಿನಲ್ಲಿ ಮುಖ ಅದ್ದಿ, ಉಸಿರು ಹಿಡಿದು, ಮತ್ತೆ ಎತ್ತುತ್ತಿದ್ದವು. ಮುಳುಗುವುದನ್ನು ಕಲಿಯುತ್ತಿದ್ದವು. ಇನ್ನು ಕೆಲವೇ ದಿನ, ಆಮೇಲೆ ಒಂದೊಂದಾಗಿ ಹೊರಡುತ್ತವೆ, ಒಬ್ಬರೂ ದಾರಿ ತೋರಿಸದೆ.

ಒಂದು ಮರಿ ನಾವು ನಿಂತ ಜಾಗಕ್ಕೆ ಹತ್ತಿರದಲ್ಲೇ ಅಂಗಾತ ಮಲಗಿತ್ತು. 25 ಅಡಿ ಇರಬಹುದು, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅದು ಕಣ್ಣು ಮುಚ್ಚಿಕೊಂಡೇ ಮುಂಗೈ ಎತ್ತಿ ಹೊಟ್ಟೆ ಕೆರೆದುಕೊಂಡಿತು. ಆ ರೆಕ್ಕೆಯಂಥ ಕೈಯೊಳಗೆ ಐದು ಬೆರಳು, ಐದು ಉಗುರು. ಒಂದೊಂದೇ ಬೆರಳು ಮಡಿಸಿ, ತುಂಬಾ ಆರಾಮಾಗಿ, ಮಧ್ಯಾಹ್ನ ಊಟ ಮಾಡಿ ಮಲಗಿದ ಅಜ್ಜನ ಹಾಗೆ ಕೆರೆದುಕೊಂಡಿತು. ಮಗಳು "ಹ್ಞಾ" ಎಂದು ಕೂಗಿದಳು. ಮರಿ ಕಣ್ಣು ತೆರೆದು, ತಲೆ ಕೆಳಗಾಗಿಯೇ ನಮ್ಮನ್ನು ನೋಡಿತು, ಮತ್ತೆ ಮುಚ್ಚಿಕೊಂಡಿತು.

ಅಂದು ರಾತ್ರಿ, ಊರಿನಲ್ಲಿ ಬೆಳಗಾದಾಗ, ಅಮ್ಮನಿಗೆ ಆ ವಿಡಿಯೋ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದಳು.

"ಇದೇನಾ ಅದು?"

"ಗೊತ್ತಿಲ್ಲ ಅಮ್ಮ. ಇರಬಹುದು."

"ಹೊಟ್ಟೆ ತುಂಬಿದ ಹಾಗೆ ಕಾಣ್ತದೆ ಮಗಾ," ಅಂದಳು. ಹಿಂದೆ ಕಾಗೆ ಕೂಗುತ್ತಿತ್ತು. ಅದಕ್ಕೆ ದೋಸೆಯ ತುಂಡು ಇಟ್ಟು ಬರುತ್ತೇನೆ ಎಂದು ಫೋನನ್ನು ಜಗಲಿಯ ಕಟ್ಟೆಗೆ ಒರಗಿಸಿ ಎದ್ದು ಹೋದಳು.